ಕಾಗಿಣಾ ತೀರದ ಗಣಿತಗುರು ಮಹಾವೀರಾಚಾರ್ಯರು

ನಮ್ಮ ಕನ್ನಡ ಶಾಲೆಯು ಐವತ್ತು ವರ್ಷಗಳನ್ನು ಪೂರೈಸಿ ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ, ಸ್ಮರಣ ಸಂಚಿಕೆಗಾಗಿ ಮಹನೀಯರೊಬ್ಬರ ಜೀವನವನ್ನು ಕುರಿತು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನನ್ನನ್ನು ಕೇಳಿದರು. ಕವಿಗಳು, ಶರಣರು, ನಾಡಿಗಾಗಿ ದುಡಿದ ಧುರೀಣರು ಹಲವರು ಕಣ್ಣ ಮುಂದೆ ಬಂದು ನಿಂತರು. ಅವರನ್ನು ಕುರಿತು ಬರೆಯಲು ನನಗಿಂತ ಅರ್ಹರಾದವರು ಬಹಳ ಮಂದಿ ಇದ್ದಾರೆ. ನಾನು ಬಾಳಿನುದ್ದಕ್ಕೂ ಕರಿಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ಲೆಕ್ಕ ಹೇಳಿಕೊಟ್ಟವನು. ಆದ್ದರಿಂದ ಲೆಕ್ಕದ ಮಾಸ್ತರರಿಗೆಲ್ಲ ಮಾಸ್ತರರಾದ, ಸುಮಾರು 1,175 ವರ್ಷಗಳ ಹಿಂದೆ ನಮ್ಮ ನೆರೆಯಲ್ಲಿಯೇ ಬೆಳಗಿದ ಮಹಾವೀರಾಚಾರ್ಯರನ್ನು ಆರಿಸಿಕೊಂಡೆನು.

ನೆರೆಯಲ್ಲಿ ಎಂಬ ಮಾತನ್ನು ಅಲಂಕಾರಕ್ಕಾಗಿ ಆಡಿದ್ದಲ್ಲ. ಅನಂತಗಿರಿಯ ಗುಡ್ಡಗಳಲ್ಲಿ ಹುಟ್ಟಿ ನಮ್ಮ ತಾಂಡೂರಿನ ಪಕ್ಕದಲ್ಲಿ ಹರಿಯುವ ಕಾಗಿಣಾ ನದಿಯು ಮುಂದೆ ಸೇಡಂ ಸೀಮೆಯನ್ನು ಹೊಕ್ಕು, ಮಳಖೇಡದ ಕೋಟೆಯನ್ನು ಬಳಸಿಕೊಂಡು ಭೀಮೆಯನ್ನು ಸೇರುತ್ತದೆ. ತಾಂಡೂರಿನಿಂದ ವಾಡಿಯ ಕಡೆಗೆ ಹೋಗುವ ರೈಲು ಸೇಡಂ ದಾಟಿದ ಮೇಲೆ ಮಳಖೇಡ ರೋಡ್ ಎಂಬ ಸಣ್ಣ ನಿಲ್ದಾಣ ಬರುತ್ತದೆ. ನಮ್ಮಲ್ಲಿ ಎಷ್ಟೋ ಜನ ಆ ಹಲಗೆಯನ್ನು ಕಿಟಕಿಯಿಂದ ಕಂಡು ಸುಮ್ಮನೆ ಮುಂದೆ ಸಾಗಿದವರೇ. ಆ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. 1956ರ ರಾಜ್ಯ ಪುನರ್ವಿಂಗಡಣೆಗೆ ಮೊದಲು ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿಯೂ, ಜಹೀರಾಬಾದ್ ಮತ್ತು ನಾರಾಯಣಖೇಡ ತಾಲ್ಲೂಕುಗಳು ಬೀದರ ಜಿಲ್ಲೆಯಲ್ಲಿಯೂ ಇದ್ದವೆಂಬುದನ್ನು ಹಿರಿಯರು ಬಲ್ಲರು. ಗಡಿಯ ಗೆರೆಗಳು ಬದಲಾದವು. ನದಿಯು ಮಾತ್ರ ಅಂದು ಹರಿದಂತೆಯೇ ಇಂದಿಗೂ ಹರಿಯುತ್ತಿದೆ.

ಕ್ರಿ.ಶ. 814ರ ಸುಮಾರಿಗೆ ಅಮೋಘವರ್ಷ ನೃಪತುಂಗನು ಬಾಲ್ಯದಲ್ಲಿಯೇ ರಾಷ್ಟ್ರಕೂಟ ಸಿಂಹಾಸನವನ್ನೇರಿದನು. ಅರವತ್ತು ವರ್ಷಗಳಿಗೂ ಮಿಕ್ಕಿ ಆಳಿದ ಈ ಅರಸನು ಮಾನ್ಯಖೇಟವನ್ನು ವೈಭವದ ನಗರವನ್ನಾಗಿ ಕಟ್ಟಿಸಿದನು. 851ರಲ್ಲಿ ತನ್ನ ಪ್ರವಾಸ ವೃತ್ತಾಂತವನ್ನು ಬರೆದಿಟ್ಟ ಅರಬ್ ವರ್ತಕ ಸುಲೈಮಾನನು ಈ ವಂಶದ ದೊರೆಯನ್ನು ಜಗತ್ತಿನ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿದ್ದಾನೆ. ಆದರೆ ನೃಪತುಂಗನ ನಿಜವಾದ ಕೀರ್ತಿಯು ವಿದ್ಯೆಯನ್ನು ಪೋಷಿಸಿದುದರಲ್ಲಿದೆ. ಆದಿಪುರಾಣವನ್ನು ರಚಿಸಿದ ಜಿನಸೇನಾಚಾರ್ಯರು ಅವನ ಗುರುಗಳಾಗಿದ್ದರು. ವೈಯಾಕರಣ ಶಾಕಟಾಯನನು ತನ್ನ ವ್ಯಾಕರಣದ ವೃತ್ತಿಗೆ ದೊರೆಯ ಹೆಸರನ್ನೇ ಇಟ್ಟನು. ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಪ್ರಾಚೀನ ಗ್ರಂಥವಾದ ಕವಿರಾಜಮಾರ್ಗವು ಅವನ ಆಸ್ಥಾನದಲ್ಲಿಯೇ ಹುಟ್ಟಿತು. ಆ ಗ್ರಂಥವು ಕನ್ನಡ ನಾಡಿನ ಉತ್ತರದ ಎಲ್ಲೆಯನ್ನು ಗೋದಾವರಿಯವರೆಗೆ ಒಯ್ಯುವುದರಿಂದ, ಇಂದಿನ ನಮ್ಮ ಮೂರೂ ಊರುಗಳು ಅದರ ಒಡಲಿನಲ್ಲಿಯೇ ಬರುತ್ತವೆ. ಕಾವ್ಯ, ಪುರಾಣ, ವ್ಯಾಕರಣಗಳ ಈ ಸಭೆಯಲ್ಲಿ ಗಣಿತಕ್ಕೂ ಒಂದು ಆಸನವಿತ್ತು. ಅದರಲ್ಲಿ ಕುಳಿತವರು ಮಹಾವೀರಾಚಾರ್ಯರು.

ಆಚಾರ್ಯರು ಜೈನ ಧರ್ಮದವರು. ಇಪ್ಪತ್ತನಾಲ್ಕನೆಯ ತೀರ್ಥಂಕರನಾದ ವರ್ಧಮಾನ ಮಹಾವೀರನ ಹೆಸರನ್ನೇ ಹೊತ್ತವರಾದುದರಿಂದ ಎಳೆಯರು ಇಬ್ಬರನ್ನೂ ಒಂದಾಗಿ ತಿಳಿಯಬಾರದು. ತೀರ್ಥಂಕರನಿಗೂ ಇವರಿಗೂ ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷಗಳ ಅಂತರವಿದೆ. ಕ್ರಿ.ಶ. 850ರ ಸುಮಾರಿನಲ್ಲಿ ಗಣಿತಸಾರಸಂಗ್ರಹವೆಂಬ ಸಂಸ್ಕೃತ ಗ್ರಂಥವನ್ನು ಆಚಾರ್ಯರು ರಚಿಸಿದರು. ಅದರ ಆರಂಭದಲ್ಲಿ ಜಿನನಿಗೆ ವಂದಿಸಿ, ಅನಂತರ ಅಮೋಘವರ್ಷನ ಆಳ್ವಿಕೆಯು ವರ್ಧಿಸಲೆಂದು ಹಾರೈಸಿದ್ದಾರೆ. ಈ ಹಾರೈಕೆಯಿಂದಲೇ ಅವರ ಕಾಲವು ನಮಗೆ ನಿಶ್ಚಯವಾಗುತ್ತದೆ. ತಮ್ಮ ತಂದೆತಾಯಿಗಳನ್ನು, ಹುಟ್ಟೂರನ್ನು, ತಾವು ಪಡೆದ ಸನ್ಮಾನಗಳನ್ನು ಅವರು ಎಲ್ಲಿಯೂ ಹೇಳಿಕೊಂಡಿಲ್ಲ. ಹಿಂದಿನ ಗುರುಪರಂಪರೆಯು ಕೂಡಿಟ್ಟ ವಿದ್ಯಾಸಾಗರದಿಂದ ಕೆಲವು ರತ್ನಗಳನ್ನು ಮಾತ್ರ ತಾನು ಹೆಕ್ಕಿ ತಂದಿರುವುದಾಗಿ ವಿನಯದಿಂದ ತಿಳಿಸಿ, ತಮ್ಮ ಕೃತಿಯನ್ನು ಸಾರದ ಸಂಗ್ರಹವೆಂದು ಕರೆದಿದ್ದಾರೆ. ಹೀಗಾಗಿ ಅವರ ಗ್ರಂಥವೇ ಅವರ ಜೀವನ ಚರಿತ್ರೆ. ಅವರು ಹೇಗೆ ಯೋಚಿಸಿದರು, ಯಾವುದರಲ್ಲಿ ಸಂತೋಷಪಟ್ಟರು, ಎಲ್ಲಿ ಎಡವಿದರು ಎಂಬುದೆಲ್ಲವನ್ನೂ ಅಲ್ಲಿ ಕಾಣಬಹುದು.

ಮೊದಲು ಗಮನಿಸಬೇಕಾದುದು ಗಣಿತವನ್ನು ಅವರು ನೋಡಿದ ದೃಷ್ಟಿ. 499ರಲ್ಲಿ ಆರ್ಯಭಟರೂ 628ರಲ್ಲಿ ಬ್ರಹ್ಮಗುಪ್ತರೂ ಗಣಿತದಲ್ಲಿ ಮಹತ್ಕಾರ್ಯವನ್ನು ಮಾಡಿದ್ದರು. ಆದರೆ ಅವರ ಗ್ರಂಥಗಳು ಖಗೋಳಶಾಸ್ತ್ರದವು. ಗ್ರಹಗತಿಯನ್ನೂ ಗ್ರಹಣವನ್ನೂ ಕಂಡುಹಿಡಿಯುವುದಕ್ಕೆ ಉಪಕರಣವಾಗಿ ಗಣಿತವು ಅಲ್ಲಿ ಕೆಲವು ಅಧ್ಯಾಯಗಳಲ್ಲಿ ಬರುತ್ತದೆ. ಮಹಾವೀರಾಚಾರ್ಯರು ಗಣಿತವನ್ನು ಖಗೋಳದ ಹಂಗಿನಿಂದ ಬಿಡಿಸಿ, ಆದಿಯಿಂದ ಅಂತ್ಯದವರೆಗೆ ಗಣಿತವನ್ನೇ ಹೇಳುವ ಗ್ರಂಥವನ್ನು ಬರೆದರು. ಮೊದಲ ಅಧ್ಯಾಯದಲ್ಲಿಯೇ ಗಣಿತವು ಎಲ್ಲೆಲ್ಲಿ ಬೇಕಾಗುತ್ತದೆ ಎಂಬುದನ್ನು ಎಣಿಸುತ್ತಾ ಹೋಗುತ್ತಾರೆ. ಲೌಕಿಕ ವ್ಯವಹಾರದಲ್ಲಿ, ವೈದಿಕ ಕರ್ಮದಲ್ಲಿ, ಧಾರ್ಮಿಕ ಆಚರಣೆಯಲ್ಲಿ ಲೆಕ್ಕವಿದೆ. ಅರ್ಥಶಾಸ್ತ್ರಕ್ಕೆ, ಸಂಗೀತಕ್ಕೆ, ನಾಟಕಕ್ಕೆ, ಅಡುಗೆಗೆ, ವೈದ್ಯಕ್ಕೆ, ವಾಸ್ತುವಿದ್ಯೆಗೆ, ಛಂದಸ್ಸಿಗೆ, ಅಲಂಕಾರಕ್ಕೆ, ತರ್ಕಕ್ಕೆ, ವ್ಯಾಕರಣಕ್ಕೆ ಲೆಕ್ಕ ಬೇಕು. ಕೊನೆಗೆ ಮೂರು ಲೋಕಗಳಲ್ಲಿಯೂ ಗಣಿತವನ್ನು ಬಿಟ್ಟು ಇರುವ ವಸ್ತುವೇ ಇಲ್ಲವೆಂಬ ತೀರ್ಮಾನಕ್ಕೆ ಬರುತ್ತಾರೆ. ಈ ಪಟ್ಟಿಯಲ್ಲಿ ಅಡುಗೆಮನೆಯೂ ಸೇರಿದೆ ಎಂಬುದನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ಅರಮನೆಯ ಪಂಡಿತರಾದ ಆಚಾರ್ಯರು ಗೃಹಿಣಿಯ ಸೌಟಿನಲ್ಲಿಯೂ ಗಣಿತವನ್ನು ಕಂಡರು.

ಗ್ರಂಥದಲ್ಲಿ ಸಾವಿರದ ನೂರಕ್ಕೂ ಮಿಕ್ಕಿದ ಶ್ಲೋಕಗಳೂ ಒಂಬತ್ತು ಅಧ್ಯಾಯಗಳೂ ಇವೆ. ಸಂಜ್ಞೆಗಳು, ಪರಿಕರ್ಮಗಳು, ಭಿನ್ನರಾಶಿ, ಭಿನ್ನರಾಶಿಯ ಪ್ರಕೀರ್ಣ ಲೆಕ್ಕಗಳು, ತ್ರೈರಾಶಿಕ, ಮಿಶ್ರ ಲೆಕ್ಕಗಳು, ಕ್ಷೇತ್ರಗಣಿತ, ಅಗೆತದ ಲೆಕ್ಕಗಳು ಮತ್ತು ನೆರಳಿನ ಲೆಕ್ಕಗಳು ಎಂಬುದು ಅದರ ಕ್ರಮ. ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರುಗಳಿವೆ. ಭಿನ್ನರಾಶಿಗಳನ್ನು ಕೂಡುವಾಗ ನಾವು ಇಂದು ಲಘುತಮ ಸಾಮಾನ್ಯ ಅಪವರ್ತ್ಯವೆಂದು ಮಕ್ಕಳಿಗೆ ಕಲಿಸುವ ಕ್ರಮವನ್ನು ನಿರುದ್ಧವೆಂಬ ಹೆಸರಿನಿಂದ ಅವರು ಸ್ಪಷ್ಟವಾಗಿ ಬೋಧಿಸಿದ್ದಾರೆ. ಆದರೆ ನಿಯಮಗಳನ್ನು ಹೇಳಿ ಅವರು ಕೈತೊಳೆದುಕೊಳ್ಳುವುದಿಲ್ಲ. ಒಂದೊಂದು ನಿಯಮಕ್ಕೂ ಒಗಟಿನಂಥ ಲೆಕ್ಕಗಳನ್ನು ಕೊಡುತ್ತಾರೆ. ಅವುಗಳಲ್ಲಿ ತಾವರೆಕೊಳವಿದೆ, ದುಂಬಿಗಳಿವೆ, ನವಿಲುಗಳಿವೆ, ಆನೆಯ ಹಿಂಡಿದೆ, ವರ್ತಕರಿದ್ದಾರೆ.

ಒಂದು ಲೆಕ್ಕವನ್ನು ನೋಡೋಣ. ಮಾವಿನಹಣ್ಣಿನ ರಾಶಿಯೊಂದಿದೆ. ಅದರಲ್ಲಿ ಆರನೆಯ ಒಂದು ಭಾಗವನ್ನು ಅರಸನು ತೆಗೆದುಕೊಂಡನು. ಉಳಿದುದರಲ್ಲಿ ಐದನೆಯ ಒಂದು ಭಾಗವನ್ನು ರಾಣಿಯು ತೆಗೆದುಕೊಂಡಳು. ಅನಂತರ ಉಳಿದುಳಿದುದರಲ್ಲಿ ಹಿರಿಯ ರಾಜಕುಮಾರರು ಮೂವರು ಕ್ರಮವಾಗಿ ನಾಲ್ಕನೆಯ ಒಂದು, ಮೂರನೆಯ ಒಂದು, ಅರ್ಧ ಭಾಗಗಳನ್ನು ತೆಗೆದುಕೊಂಡರು. ಕಟ್ಟಕಡೆಗೆ ಉಳಿದ ಮೂರು ಹಣ್ಣುಗಳು ಕಿರಿಯ ಮಗುವಿನ ಪಾಲಿಗೆ ಬಂದವು. ಹಾಗಾದರೆ ರಾಶಿಯಲ್ಲಿದ್ದ ಹಣ್ಣುಗಳೆಷ್ಟು?

ಈ ಲೆಕ್ಕಕ್ಕೂ ನನಗೂ ಒಂದು ಹಳೆಯ ಋಣವಿದೆ. ನನ್ನ ವೃತ್ತಿಯ ಆರಂಭದ ದಿನಗಳಲ್ಲಿ ಬೇರೊಂದು ಊರಿನ ಶಾಲೆಯಲ್ಲಿ ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದೆ. ಅದರ ಕರ್ತೃ ಯಾರೆಂಬುದು ಅಂದು ನನಗೆ ಗೊತ್ತಿರಲಿಲ್ಲ. ರಾಶಿಯನ್ನು ಕ್ಷ ಎಂದು ಭಾವಿಸಿ ಸಮೀಕರಣ ಬರೆದು ಬಿಡಿಸಬೇಕೆಂಬುದು ನನ್ನ ಅಪೇಕ್ಷೆ. ನಾನು ಸೀಮೆಸುಣ್ಣ ಕೆಳಗಿಡುವಷ್ಟರಲ್ಲಿ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ಹದಿನೆಂಟು ಎಂದನು. ಕಲ್ಲುಗಣಿಯಲ್ಲಿ ದುಡಿಯುವವರ ಮಗನವನು. ಕ್ರಮವೆಲ್ಲಿ ಎಂದು ಕೇಳಿದೆ. ಅವನು ಕೊನೆಯ ಮಗುವಿನಿಂದ ಆರಂಭಿಸಿದನು. ಮಗುವಿಗೆ ಮೂರು ಉಳಿದಿದ್ದರೆ, ಅದಕ್ಕೆ ಮೊದಲಿನವನು ಅರ್ಧ ತೆಗೆದುಕೊಂಡದ್ದರಿಂದ ಅವನಿಗೂ ಮೂರೇ ಬಂದಿರಬೇಕು. ಆಗ ಇದ್ದದ್ದು ಆರು. ಆ ಆರು ಮೂರನೆಯ ಒಂದು ಭಾಗ ಹೋದ ಮೇಲೆ ಉಳಿದದ್ದು. ಹಾಗಾದರೆ ಅದಕ್ಕೂ ಮೊದಲು ಇದ್ದದ್ದು ಒಂಬತ್ತು. ಹೀಗೆ ಬೆರಳು ಮಡಿಸುತ್ತಾ ಹನ್ನೆರಡು, ಹದಿನೈದು, ಹದಿನೆಂಟು ಎಂದು ಏರಿದನು. ಪುಸ್ತಕದ ಕ್ರಮವನ್ನು ಬಿಟ್ಟನೆಂದು ನಾನು ಸಿಟ್ಟಾದೆ. ಯಾರಿಂದಲೋ ಉತ್ತರ ತಿಳಿದುಕೊಂಡು ಬಂದಿದ್ದಾನೆಂದೂ ಅನುಮಾನಿಸಿದೆ. ಕೈಯೊಡ್ಡಿಸಿ ಎರಡು ಏಟು ಕೊಟ್ಟೆ. ಆ ವರ್ಷವೆಲ್ಲ ಆ ಹುಡುಗನು ನನ್ನ ತರಗತಿಯಲ್ಲಿ ಮತ್ತೆ ಕೈ ಎತ್ತಲಿಲ್ಲ. ಮರುವರ್ಷ ಶಾಲೆಗೇ ಬರಲಿಲ್ಲ.

ನಿವೃತ್ತಿಯ ನಂತರ ಬಿಡುವಿನಲ್ಲಿ ಗಣಿತದ ಇತಿಹಾಸವನ್ನು ಓದತೊಡಗಿದಾಗ, ಆ ಮಾವಿನಹಣ್ಣುಗಳು ಮಾನ್ಯಖೇಟದಿಂದ ಬಂದವೆಂದು ತಿಳಿಯಿತು. ಕೊನೆಯಿಂದ ಮೊದಲಿಗೆ ನಡೆಯುವ ಕ್ರಮಕ್ಕೆ ವಿಲೋಮವೆಂಬ ಹೆಸರಿದೆ ಎಂಬುದೂ, ಆರ್ಯಭಟರಂಥವರೇ ಅದನ್ನು ನಿಯಮವಾಗಿ ಹೇಳಿದ್ದಾರೆ ಎಂಬುದೂ ತಿಳಿಯಿತು. ಹುಡುಗನು ಕಳ್ಳದಾರಿಯಲ್ಲಿ ಬಂದಿರಲಿಲ್ಲ. ಆಚಾರ್ಯರು ನಡೆದ ರಾಜಮಾರ್ಗದಲ್ಲಿಯೇ ಬಂದಿದ್ದನು. ಇನ್ನೊಂದು ಸಂಗತಿಯನ್ನೂ ಅವನು ಕಂಡಿದ್ದನು, ನಾನು ಕಂಡಿರಲಿಲ್ಲ. ಅರಸನಿಗೆ ಮೂರು, ರಾಣಿಗೆ ಮೂರು, ಕುಮಾರರಿಗೆ ಮೂರು ಮೂರು, ಕಡೆಯ ಮಗುವಿಗೂ ಮೂರು. ಭಾಗಗಳ ಹೆಸರು ಬೇರೆ ಬೇರೆಯಾದರೂ ಪಾಲು ಎಲ್ಲರಿಗೂ ಸಮ. ಕ್ಷ ಎಂದು ಬರೆದು ಬಿಡಿಸುವವನಿಗೆ ಹದಿನೆಂಟು ಸಿಗುತ್ತದೆ, ಈ ಸಮಪಾಲು ಕಣ್ಣಿಗೆ ಬೀಳದೆ ಹೋಗಬಹುದು. ಬೆರಳು ಮಡಿಸಿದವನಿಗೆ ಅದು ತಾನಾಗಿ ಕಾಣುತ್ತದೆ. ಒಗಟಿನ ಪ್ರಯೋಜನವೇನೆಂದು ಕೇಳುವವರಿಗೆ ನಾನು ಈಗ ಹೇಳುವ ಉತ್ತರ ಇದೇ.

ಆಚಾರ್ಯರ ಇನ್ನೊಂದು ಲೆಕ್ಕವು ಸಂತೆಯದು. ಒಂಬತ್ತು ಮಾದಳದ ಹಣ್ಣು, ಏಳು ಬೇಲದ ಹಣ್ಣುಗಳ ಬೆಲೆ ಒಟ್ಟು 107. ಏಳು ಮಾದಳ, ಒಂಬತ್ತು ಬೇಲಗಳ ಬೆಲೆ 101. ಒಂದೊಂದರ ಬೆಲೆ ಎಷ್ಟು? ಎರಡನ್ನೂ ಕೂಡಿದರೆ ಹದಿನಾರು ಜೋಡಿಗಳಿಗೆ 208, ಅಂದರೆ ಜೋಡಿಗೆ 13. ಕಳೆದರೆ ಎರಡು ಮಾದಳಗಳು ಎರಡು ಬೇಲಗಳಿಗಿಂತ 6 ಹೆಚ್ಚು, ಅಂದರೆ ಒಂದಕ್ಕೆ 3 ಹೆಚ್ಚು. ಆದ್ದರಿಂದ ಮಾದಳಕ್ಕೆ 8, ಬೇಲಕ್ಕೆ 5. ನಮ್ಮ ಜಹೀರಾಬಾದಿನ ಸಂತೆಯಲ್ಲಿ ಬುಟ್ಟಿ ಮುಂದಿಟ್ಟುಕೊಂಡು ಕೂಡುವ ಅಜ್ಜಿಗೆ ಈ ಲೆಕ್ಕವನ್ನು ಬಾಯಿಮಾತಿನಲ್ಲಿ ಹೇಳಿದರೆ ಅವಳು ಬಿಡಿಸಬಲ್ಲಳು. ಅದನ್ನೇ ಸಹಸಮೀಕರಣವೆಂಬ ತಲೆಬರಹದ ಕೆಳಗೆ ಬರೆದರೆ ಹತ್ತನೆಯ ತರಗತಿಯ ಹುಡುಗನು ಬೆವರುತ್ತಾನೆ.

ಮೂವರು ವರ್ತಕರು ದಾರಿಯಲ್ಲಿ ಒಂದು ಹಣದ ಚೀಲವನ್ನು ಕಂಡ ಕಥೆಯೂ ಇಲ್ಲಿದೆ. ಚೀಲವು ತನಗೆ ಸಿಕ್ಕರೆ ಉಳಿದಿಬ್ಬರ ಒಟ್ಟು ಹಣದ ಎರಡರಷ್ಟು ತನ್ನಲ್ಲಿರುವುದೆಂದು ಮೊದಲನೆಯವನು ಹೇಳುತ್ತಾನೆ. ಎರಡನೆಯವನು ಮೂರರಷ್ಟು ಎನ್ನುತ್ತಾನೆ. ಮೂರನೆಯವನು ಐದರಷ್ಟು ಎನ್ನುತ್ತಾನೆ. ಅವರ ಕೈಯಲ್ಲಿದ್ದುದು ಕ್ರಮವಾಗಿ 1, 3, 5, ಚೀಲದಲ್ಲಿದ್ದುದು 15. ಕೂಡಿ ನೋಡಿದರೆ ಮೂವರ ಮಾತೂ ನಿಜವೆಂದು ತಿಳಿಯುತ್ತದೆ. ಇಂಥದೇ ಚೀಲದ ಲೆಕ್ಕಗಳು ಮೂರೂವರೆ ಶತಮಾನಗಳ ತರುವಾಯ, 1202ರಲ್ಲಿ ಇಟಲಿಯ ಫಿಬೊನಾಚಿ ಬರೆದ ಗ್ರಂಥದಲ್ಲಿಯೂ ಕಾಣಿಸಿಕೊಳ್ಳುತ್ತವೆ.

ಆಚಾರ್ಯರು ರಸಿಕರೂ ಹೌದು. ವಸಂತದ ರಾತ್ರಿಯಲ್ಲಿ ದಂಪತಿಗಳ ಪ್ರಣಯಕಲಹದಲ್ಲಿ ಮುತ್ತಿನ ಹಾರವೊಂದು ಹರಿಯುತ್ತದೆ. ಮೂರನೆಯ ಒಂದು ಭಾಗ ದಾಸಿಯ ಕಡೆಗೆ ಉರುಳಿತು. ಆರನೆಯ ಒಂದು ಭಾಗ ಹಾಸಿಗೆಯ ಮೇಲೆ ಬಿತ್ತು. ಉಳಿದುದರಲ್ಲಿ ಅರ್ಧ, ಮತ್ತೆ ಉಳಿದುದರಲ್ಲಿ ಅರ್ಧ, ಹೀಗೆ ಆರು ಬಾರಿ ಚೆಲ್ಲಿಹೋಯಿತು. ಕೊನೆಗೆ 1,161 ಮುತ್ತುಗಳು ಉಳಿದವು. ಹಾರದಲ್ಲಿದ್ದ ಮುತ್ತುಗಳು 1,48,608! ಅಷ್ಟು ಭಾರದ ಹಾರವನ್ನು ಯಾವ ಕೊರಳು ತಾಳೀತು ಎಂದು ನಗುವ ವಿದ್ಯಾರ್ಥಿಯು ಆಗಲೇ ಅರ್ಧಿಸುವಿಕೆಯ ಶಕ್ತಿಯನ್ನು ಅರಿತಿರುತ್ತಾನೆ.

ಅಡುಗೆಮನೆಯ ಮಾತನ್ನು ಆಚಾರ್ಯರು ಮರೆಯಲಿಲ್ಲ. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಎಂಬ ಆರು ರಸಗಳನ್ನು ಒಂದೊಂದಾಗಿ, ಎರಡೆರಡಾಗಿ, ಮೂರುಮೂರಾಗಿ ಬೆರೆಸುತ್ತಾ ಹೋದರೆ ಎಷ್ಟು ಬಗೆಯ ರುಚಿಗಳಾಗುತ್ತವೆ ಎಂದು ಕೇಳುತ್ತಾರೆ. ಆರು, ಹದಿನೈದು, ಇಪ್ಪತ್ತು, ಹದಿನೈದು, ಆರು, ಒಂದು, ಒಟ್ಟು 63. ಹೀಗೆ ಕೆಲವನ್ನು ಆಯುವ ವಿಧಾನಗಳೆಷ್ಟು ಎಂಬುದಕ್ಕೆ ಸಾರ್ವತ್ರಿಕ ನಿಯಮವನ್ನೂ ಅವರು ಕೊಟ್ಟಿದ್ದಾರೆ. ಇಂದು ಕಾಲೇಜಿನ ಮಕ್ಕಳು ವಿಕಲ್ಪವೆಂಬ ಹೆಸರಿನಲ್ಲಿ ಓದುವುದು ಇದನ್ನೇ.

ಸಂಖ್ಯೆಗಳ ಚೆಲುವಿನಲ್ಲಿಯೂ ಆಚಾರ್ಯರಿಗೆ ಮಗುವಿನಂಥ ಕುತೂಹಲ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಗುಣಲಬ್ಧಗಳನ್ನು ಕೊರಳ ಹಾರಕ್ಕೆ ಹೋಲಿಸಿ ಕೊಟ್ಟಿದ್ದಾರೆ. 1,52,207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು ಬರುತ್ತದೆ. 1,23,45,679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು. 14,28,57,143ನ್ನು 7ರಿಂದ ಗುಣಿಸಿದರೆ ಎರಡು ತುದಿಗಳಲ್ಲಿ ಒಂದೊಂದು ಒಂದು, ನಡುವೆ ಎಂಟು ಸೊನ್ನೆಗಳು. ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕಿಳಿಯುವ 12345654321 ಎಂಬ ಸಂಖ್ಯೆಯಂತೂ ಪದಕವಿಟ್ಟ ಸರದಂತೆಯೇ ಇದೆ.

ಈ ಸರವನ್ನು ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಕೈಗೆತ್ತಿಕೊಂಡವರು ಒಬ್ಬ ಶಾಲಾಮಾಸ್ತರರೇ ಎಂಬುದು ನನಗೆ ಹೆಮ್ಮೆಯ ಸಂಗತಿ. 1905ರಲ್ಲಿ ಡಹಾಣುವಿನಲ್ಲಿ ಜನಿಸಿ, 1930ರಿಂದ 1962ರವರೆಗೆ ನಾಸಿಕದ ಬಳಿಯ ದೇವಳಾಲಿಯಲ್ಲಿ ಪಾಠ ಹೇಳಿದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರರು ಇಂಥ ಸಂಖ್ಯೆಗಳಿಗೆ ಡೆಮ್ಲೊ ಸಂಖ್ಯೆಗಳೆಂದು ಹೆಸರಿಟ್ಟರು. 6174 ಎಂಬ ಸಂಖ್ಯೆಯ ಚಮತ್ಕಾರವನ್ನು ಕಂಡವರೂ ಅವರೇ. ನಾಲ್ಕೂ ಅಂಕೆಗಳು ಒಂದೇ ಆಗಿರದ ಯಾವುದೇ ನಾಲ್ಕಂಕೆಯ ಸಂಖ್ಯೆಯನ್ನು ತೆಗೆದುಕೊಂಡು, ಅಂಕೆಗಳನ್ನು ಇಳಿಕೆಯ ಕ್ರಮದಲ್ಲಿ ಬರೆದು, ಏರಿಕೆಯ ಕ್ರಮದಲ್ಲಿ ಬರೆದುದನ್ನು ಕಳೆಯುತ್ತಾ ಹೋದರೆ ಏಳು ಹೆಜ್ಜೆಗಳೊಳಗೆ 6174 ಬಂದು ನಿಲ್ಲುತ್ತದೆ. ನಮ್ಮ ದೇಶದ ಕೆಲವು ವಿದ್ವಾಂಸರು ಇದನ್ನು ಹುಡುಗಾಟವೆಂದು ಎಣಿಸಿದರು. 1975ರಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್ನರ್ ತಮ್ಮ ಅಂಕಣದಲ್ಲಿ ಬರೆದ ಮೇಲೆ ಆ ಮಾಸ್ತರರ ಹೆಸರು ಜಗತ್ತಿಗೆ ತಿಳಿಯಿತು. 1986ರಲ್ಲಿ ಅವರು ತೀರಿಕೊಂಡರು. ಒಂದೇ ಆಟವನ್ನು ಕಂಡು ಒಬ್ಬರು ನಗುತ್ತಾರೆ, ಇನ್ನೊಬ್ಬರು ಬೆರಗಾಗುತ್ತಾರೆ. ರಾಷ್ಟ್ರಕೂಟರ ಕಾಲದ ಆಚಾರ್ಯರು ಬೆರಗಾಗುವವರ ಪಂಕ್ತಿಗೆ ಸೇರಿದವರು.

ಮಹನೀಯರ ಜೀವನವನ್ನು ಬರೆಯುವಾಗ ಅವರ ತಪ್ಪನ್ನು ಮುಚ್ಚಿಡುವುದು ವಾಡಿಕೆ. ಗಣಿತದಲ್ಲಿ ಆ ವಾಡಿಕೆ ನಡೆಯದು. ಋಣಸಂಖ್ಯೆಯು ಯಾವುದರ ವರ್ಗವೂ ಆಗಲಾರದಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಆಚಾರ್ಯರು ಹೇಳಿದುದು ಅವರ ಸೂಕ್ಷ್ಮದೃಷ್ಟಿಗೆ ಸಾಕ್ಷಿ. ಆದರೆ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆಯು ಬದಲಾಗದೆ ಹಾಗೆಯೇ ಉಳಿಯುತ್ತದೆ ಎಂದು ಅವರು ಬರೆದುದು ಸರಿಯಲ್ಲ. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯರು ಅದನ್ನು ಅನಂತವೆಂದು ತಿಳಿದರು. ಸೊನ್ನೆಯಿಂದ ಭಾಗಿಸುವುದಕ್ಕೆ ಅರ್ಥವೇ ಇಲ್ಲವೆಂದು ಇಂದು ನಾವು ಕಲಿಸುತ್ತೇವೆ. ತಪ್ಪು ಮಾಡುವ ಭಯದಿಂದ ಸ್ಲೇಟನ್ನೇ ಮುಟ್ಟದ ಮಕ್ಕಳಿಗೆ ಈ ಸಂಗತಿಯನ್ನು ಹೇಳಬೇಕು. ಮೂರು ಲೋಕಗಳಲ್ಲಿ ಗಣಿತವನ್ನು ಕಂಡವರೂ ಒಂದು ಸೊನ್ನೆಯ ಬಳಿ ಎಡವಿದರು, ಆದರೂ ಅವರ ಹಿರಿಮೆ ಕುಂದಲಿಲ್ಲ.

ಆಚಾರ್ಯರ ದೇಹವು ಅಳಿದ ಮೇಲೆ ಅವರ ಗ್ರಂಥವು ಬಾಳಿದ ಬಗೆಯನ್ನು ನಮ್ಮಂಥ ಗಡಿನಾಡಿನವರು ತಿಳಿಯಲೇಬೇಕು. 972ರಲ್ಲಿ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡನು. ಅರಮನೆಯು ಹಾಳಾಯಿತು, ಲೆಕ್ಕಗಳು ಮಾತ್ರ ಸೂರೆಹೋಗಲಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಗಣಿತಸಾರಸಂಗ್ರಹವನ್ನು ತೆಲುಗಿಗೆ ತಂದನು. ತೆಲುಗಿನ ಮೊದಲ ಗಣಿತಗ್ರಂಥವೆಂದು ವಿದ್ವಾಂಸರು ಅದನ್ನು ಗೌರವಿಸುತ್ತಾರೆ. ಹನ್ನೆರಡನೆಯ ಶತಮಾನದಲ್ಲಿ ಜೈನ ಕವಿ ರಾಜಾದಿತ್ಯನು ವ್ಯವಹಾರಗಣಿತ ಮೊದಲಾದ ಗ್ರಂಥಗಳನ್ನು ಕನ್ನಡದಲ್ಲಿಯೇ ರಚಿಸಿದನು. ವಲ್ಲಭನೆಂಬ ಪಂಡಿತನು ಆಚಾರ್ಯರ ಕೃತಿಗೆ ಕನ್ನಡದಲ್ಲಿ ಟೀಕೆ ಬರೆದನು. ಆ ಬಳಿಕ ಬಹುಕಾಲ ಗ್ರಂಥವು ಭಂಡಾರಗಳ ಕತ್ತಲಲ್ಲಿ ಮಲಗಿತ್ತು. ಕನ್ನಡ ಲಿಪಿಯ ಪ್ರತಿಗಳೂ ಸೇರಿದಂತೆ ಹಲವು ಹಸ್ತಪ್ರತಿಗಳನ್ನು ಕಲೆಹಾಕಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಎಂ. ರಂಗಾಚಾರ್ಯರು 1912ರಲ್ಲಿ ಅದನ್ನು ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು. 1963ರಲ್ಲಿ ಸೊಲ್ಲಾಪುರದಿಂದ ಹಿಂದಿ ಅನುವಾದವೂ, 2000ದಲ್ಲಿ ಹೊಂಬುಜದಿಂದ ಡಾ. ಪದ್ಮಾವತಮ್ಮನವರ ಕನ್ನಡ ಅನುವಾದವೂ ಹೊರಬಂದವು.

ಈಗ ನನ್ನ ಲೇಖನದ ಉದ್ದೇಶಕ್ಕೆ ಬರುತ್ತೇನೆ. ಮಾಸ್ತರನಾಗಿದ್ದ ಅಷ್ಟು ವರ್ಷಗಳಲ್ಲಿ ಲೆಕ್ಕವನ್ನು ಕುರಿತು ಪಾಲಕರಿಂದ ಮೂರು ಬಗೆಯ ಮಾತುಗಳನ್ನು ಕೇಳಿದ್ದೇನೆ. ಕೂಡುವುದು ಕಳೆಯುವುದು ಬಂದರೆ ಅಂಗಡಿಗೆ ಸಾಕು, ಮಿಕ್ಕಿದ್ದೇಕೆ ಎಂಬುದು ಒಂದು. ಲೆಕ್ಕವು ಜಾಣರಿಗೆ ಮಾತ್ರ, ನಮ್ಮ ಮಗುವಿನ ಹಣೆಯಲ್ಲಿ ಅದು ಬರೆದಿಲ್ಲ ಎಂಬುದು ಇನ್ನೊಂದು. ಲೆಕ್ಕ ಮತ್ತು ವಿಜ್ಞಾನಗಳನ್ನು ಇಂಗ್ಲಿಷಿನಲ್ಲಿ ಕಲಿತರೆ ಮಾತ್ರ ಉಪಯೋಗ, ಆದ್ದರಿಂದ ಮಗುವಿನ ವರ್ಗಾವಣೆ ಪತ್ರ ಕೊಡಿರಿ ಎಂಬುದು ಮೂರನೆಯದು. ಈ ಮೂರನೆಯ ಮಾತನ್ನು ಕೇಳಿ ಎಷ್ಟೋ ಪತ್ರಗಳಿಗೆ ನಾನು ಭಾರವಾದ ಕೈಯಿಂದ ಸಹಿ ಹಾಕಿದ್ದೇನೆ. ಆ ತಂದೆತಾಯಿಗಳನ್ನು ನಾನು ದೂಷಿಸುವುದಿಲ್ಲ. ಮಕ್ಕಳ ಅನ್ನದ ಚಿಂತೆ ಅವರದು; ಇಂಗ್ಲಿಷ್ ಭಾಷೆಯೂ ತೆಲುಗು ಭಾಷೆಯೂ ನಮ್ಮ ಮಕ್ಕಳಿಗೆ ಬರಲೇಬೇಕು.

ಆದರೆ ಮೂರು ಮಾತುಗಳಿಗೂ ಆಚಾರ್ಯರ ಗ್ರಂಥದಲ್ಲಿ ಸಮಾಧಾನವಿದೆ. ಅಂಗಡಿಯ ಲೆಕ್ಕವನ್ನು ಅವರು ಕೀಳಾಗಿ ಕಾಣಲಿಲ್ಲ. ಬಡ್ಡಿ, ಬಂಗಾರ, ಧಾನ್ಯಗಳ ಲೆಕ್ಕಗಳನ್ನು ವಿಸ್ತಾರವಾಗಿ ಬರೆದರು. ಅಲ್ಲಿಂದಲೇ ಹೊರಟು ಮುತ್ತಿನ ಹಾರದವರೆಗೆ ಶಿಷ್ಯರನ್ನು ನಡೆಸಿದರು. ಲೆಕ್ಕವು ಹಣೆಬರಹವೆಂದು ತಿಳಿದಿದ್ದರೆ ಮಾವಿನಹಣ್ಣು, ಬಾಳೆಹಣ್ಣುಗಳನ್ನು ಮುಂದಿಟ್ಟು ಪಾಠ ಹೇಳುವ ತೊಂದರೆಯನ್ನು ಅವರು ತೆಗೆದುಕೊಳ್ಳುತ್ತಿರಲಿಲ್ಲ. ಇನ್ನು ಭಾಷೆಯ ಮಾತು. ಆಚಾರ್ಯರು ಸಂಸ್ಕೃತದಲ್ಲಿ ಬರೆದರು, ಮಲ್ಲನನು ತೆಲುಗಿನಲ್ಲಿ ಹೇಳಿದನು, ವಲ್ಲಭನು ಕನ್ನಡದಲ್ಲಿ ವಿವರಿಸಿದನು, ರಂಗಾಚಾರ್ಯರು ಇಂಗ್ಲಿಷಿಗೆ ತಂದರು. ನಾಲ್ಕರಲ್ಲಿಯೂ ಮಾದಳದ ಬೆಲೆ ಎಂಟೇ. ಲೆಕ್ಕಕ್ಕೆ ತನ್ನದೆಂಬ ಭಾಷೆಯಿಲ್ಲ. ಅದನ್ನು ಯೋಚಿಸುವ ಮಗುವಿಗೆ ಮಾತ್ರ ಒಂದು ಭಾಷೆಯಿದೆ. ಕೊನೆಯಿಂದ ಮೊದಲಿಗೆ ಬೆರಳು ಮಡಿಸುತ್ತಾ ಬಂದ ಆ ಹುಡುಗನು ತನ್ನ ಅವ್ವನ ಭಾಷೆಯಲ್ಲಿಯೇ ಯೋಚಿಸಿದ್ದನು. ಅವನಿಗೆ ಅಡ್ಡಬಂದದ್ದು ಅವನ ಭಾಷೆಯಲ್ಲ, ನನ್ನ ಬೆತ್ತ.

ಆ ಹುಡುಗನು ಈಗ ಅರವತ್ತರ ಹತ್ತಿರದವನಾಗಿರಬಹುದು. ಈ ಸಂಚಿಕೆಯು ಹೇಗಾದರೂ ಅವನ ಕೈಸೇರಿದರೆ, ಅವನ ಮಾಸ್ತರನು ತನ್ನ ತಪ್ಪನ್ನು ಒಪ್ಪಿಕೊಂಡಿದ್ದಾನೆಂದು ತಿಳಿಯಲಿ. ಅವನ ಉತ್ತರವೂ ಸರಿಯಿತ್ತು, ಅವನ ಕ್ರಮವೂ ಸರಿಯಿತ್ತು. ನಮ್ಮ ಶಾಲೆಯ ಇಂದಿನ ಗುರುವೃಂದಕ್ಕೆ ನನ್ನ ವಿನಂತಿ ಒಂದೇ. ಹಿಂದಿನ ಸಾಲಿನಿಂದ ಕೈ ಎತ್ತುವ ಮಗುವನ್ನು, ಅದು ಯಾವ ದಾರಿಯಿಂದ ಬಂದಿತೆಂದು ಕೇಳಿ, ಪೂರ್ತಿ ಆಲಿಸಿರಿ.

ಹಳೆಯ ವಿದ್ಯಾರ್ಥಿಗಳಿಗೆ ಒಂದು ಮನೆಪಾಠವನ್ನು ಕೊಟ್ಟು ಮುಗಿಸುತ್ತೇನೆ. ಇದೂ ಆಚಾರ್ಯರದೇ. ಹಣ್ಣುಗಳ ಭಾರಕ್ಕೆ ಕೊಂಬೆಗಳು ಬಾಗಿದ ತೋಪಿಗೆ 23 ಮಂದಿ ದಣಿದ ಪ್ರಯಾಣಿಕರು ಬಂದರು. ಅಲ್ಲಿ ಬಾಳೆಹಣ್ಣಿನ 63 ಸಮನಾದ ರಾಶಿಗಳೂ ಬಿಡಿಯಾಗಿ ಏಳು ಹಣ್ಣುಗಳೂ ಇದ್ದವು. ಎಲ್ಲವನ್ನೂ ಕೂಡಿಸಿ ಏನೂ ಉಳಿಯದಂತೆ ಸಮನಾಗಿ ಹಂಚಿಕೊಂಡರು. ಒಂದೊಂದು ರಾಶಿಯಲ್ಲಿ ಕನಿಷ್ಠ ಎಷ್ಟು ಹಣ್ಣುಗಳಿದ್ದವು? ಉತ್ತರವನ್ನು ನಾನು ಬರೆಯುವುದಿಲ್ಲ. ಈ ರಾತ್ರಿ ಊಟವಾದ ಮೇಲೆ ಮಕ್ಕಳನ್ನೋ ಮೊಮ್ಮಕ್ಕಳನ್ನೋ ಹತ್ತಿರ ಕೂಡಿಸಿಕೊಂಡು, ಮನೆಮಾತಿನಲ್ಲಿಯೇ ಬಿಡಿಸಿರಿ. ಅವರು ನಿಮಗಿಂತ ಮೊದಲು ಉತ್ತರ ಹೇಳಿದರೆ ಕ್ರಮವೇನೆಂದು ಗದರಬೇಡಿರಿ, ಹೇಗೆಂದು ಕೇಳಿರಿ.

ಕಾಗಿಣೆಯ ದಡದಲ್ಲಿ ಹೊತ್ತಿದ ಆ ಜ್ಞಾನದೀಪವು ನಮ್ಮ ಶಾಲೆಯ ತರಗತಿಗಳಲ್ಲಿ ನೂರುಕಾಲ ಬೆಳಗಲಿ, ಶತಮಾನೋತ್ಸವದ ಸಂಚಿಕೆಯಲ್ಲಿ ಇಂದಿನ ಮಕ್ಕಳಲ್ಲೊಬ್ಬರು ಇದಕ್ಕಿಂತ ಒಳ್ಳೆಯ ಲೆಕ್ಕವನ್ನು ಬರೆಯಲಿ ಎಂದು ಹಾರೈಸುತ್ತೇನೆ.